ಅಕ್ಕಿ ಡಬ್ಬಿಯಲ್ಲಿದ್ದ ಬೋಲ್ಟ್

ಸುಬೇದಾರ ಕಾಕಾ ಅವರ ಬಲ ಅಂಗೈ ಹಳದಿಗಟ್ಟಿ ಮಿರಮಿರ ಮಿಂಚುತ್ತಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಅದಕ್ಕಂಟಿದ ಅಗಸೆ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ಪೂಜೆಯ ಪ್ರಸಾದ ಕೊಟ್ಟರೂ ಅದೇ ವಾಸನೆ, ನನ್ನ ಮಗಳ ಕೆನ್ನೆ ಸವರಿದರೂ ಅದೇ ವಾಸನೆ.

ಆ ವಾಸನೆಯೇ ನನ್ನನ್ನು ಅವರ ಬಾಗಿಲಿಗೆ ಎಳೆದೊಯ್ದದ್ದು. ಅರವತ್ತರ ದಶಕದ ಕೊನೆ. ಮದುವೆಯಾಗಿ ಧಾರವಾಡದ ಕಡೆಯಿಂದ ಕಲ್ಕತ್ತೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಗಂಡನಿಗೆ ಬಂದರಿನ ಕಚೇರಿಯಲ್ಲಿ ಕೆಲಸ, ಖಿದಿರ್‌ಪುರದ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ಮನೆ. ಸುತ್ತ ಎಲ್ಲಿ ಮೂಗು ತಿರುಗಿಸಿದರೂ ಸಾಸಿವೆ ಎಣ್ಣೆ, ಮೀನು. ಒಂದು ಬೆಳಗ್ಗೆ ಎದುರು ಮನೆಯಿಂದ ಅಗಸೆಯ ವಾಸನೆ ಬಂತು. ಯಾರೋ ನಮ್ಮ ಕಡೆಯವರು ಚಟ್ನಿಪುಡಿಗೆ ಕೂತಿದ್ದಾರೆಂದು ನನಗೆ ಅಳುವೇ ಬಂದುಬಿಟ್ಟಿತು. ಕೈಯಲ್ಲಿದ್ದ ಸೌಟಿನ ಸಮೇತ ಓಡಿ ಬಾಗಿಲು ಬಡಿದೆ. "ಅಗಸಿ ಹುರ್ಯಾಕತ್ತೀರೇನ್ರಿ?"

ಬಾಗಿಲು ತೆರೆದದ್ದು ದಪ್ಪ ಬಿಳಿ ಮೀಸೆಯ ಎತ್ತರದ ಆಳು. ಹಿಂದೆ ಕಂಬಳಿ ಹಾಸಿ ಅದರ ಮೇಲೆ ಒಂದು ರೈಫಲ್ಲು ಮಲಗಿಸಿದ್ದರು. "ಇದು ತಿನ್ನೋ ಸಾಮಾನಲ್ಲಮ್ಮ," ಎಂದು ಕನ್ನಡದಲ್ಲೇ ಹೇಳಿ, ನನ್ನ ಸೌಟು ನೋಡಿ, "ಆಯುಧ ನೀನೂ ತಂದಿದ್ದೀಯಲ್ಲ, ಬಾ ಒಳಗೆ," ಎಂದರು.

ಅವರು ಕೊಡಗಿನವರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ಮೇಲೆ ಹಡಗುಕಟ್ಟೆಯ ಗೋದಾಮೊಂದರಲ್ಲಿ ಕಾವಲುಗಾರರಿಗೆ ಮುಖ್ಯಸ್ಥರಾಗಿದ್ದರು. ಮಕ್ಕಳಿರಲಿಲ್ಲ. ನಮ್ಮ ಕಡೆಯ ರೂಢಿಯಂತೆ ಅವರು ನನಗೆ ಸುಬೇದಾರ ಕಾಕಾ, ಅವರ ಹೆಂಡತಿ ಕಾಕು ಆದರು.

ರೈಫಲ್ಲು ಬಂದು ಅವತ್ತಿಗೆ ಮೂರೇ ವಾರವಂತೆ. ಸೈನ್ಯದ ಹಳೆಯ ರೈಫಲ್ಲಿನ ಅಚ್ಚಿನಲ್ಲೇ ಮಾಡಿ ಲೈಸೆನ್ಸ್ ಇದ್ದವರಿಗೆ ಮಾರುತ್ತಿದ್ದ ಮಾಲು. ಆ ಅಚ್ಚಿನ ರೈಫಲ್ಲನ್ನು ಆಯುಷ್ಯವಿಡೀ ಹೊತ್ತವರು, ಆದರೂ ಇದನ್ನು ಮುಟ್ಟುವಾಗ ಅಪರಿಚಿತರನ್ನು ಮುಟ್ಟುವ ಸಂಕೋಚ. "ಹೊಸ ರೈಫಲ್ಲು ಹೊಸ ಸೊಸೆ ಇದ್ದಂಗೆ. ಅದರ ಗುಣ ಅದೇ ಹೇಳೋವರೆಗೂ ಕಾಯ್ಬೇಕು," ಎಂದು ನನ್ನತ್ತ ನೋಡಿ ಮೀಸೆಯಲ್ಲೇ ನಕ್ಕರು. ಕಾರ್ಖಾನೆಯವರು ಮೆತ್ತಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಒರೆಸಿ ತೆಗೆಯಲಿಕ್ಕೇ ಅವರಿಗೆ ಎರಡು ಭಾನುವಾರ ಹಿಡಿದಿತ್ತಂತೆ. ಆಮೇಲೆ ಮರದ ಭಾಗಕ್ಕೆ ಅಗಸೆ ಎಣ್ಣೆ. ಬಟ್ಟೆಯಲ್ಲಲ್ಲ, ಬರಿಗೈಯಲ್ಲಿ, ಅಂಗೈ ಬಿಸಿಯಾಗುವ ತನಕ ಉಜ್ಜುವುದು. ಮರ ಕುಡಿಯುವಷ್ಟು ಕುಡಿಯಲಿ ಎಂದು ಬಿಟ್ಟು, ಮರುದಿನ ಮತ್ತೆ ಉಜ್ಜುವುದು. ನನ್ನ ಕೂದಲಿಗೆ ನನ್ನ ಅವ್ವ ಅಷ್ಟು ಎಣ್ಣೆ ತಿಕ್ಕಿದ್ದು ನೆನಪಿಲ್ಲ.

ಗುರಿಯ ಅಭ್ಯಾಸಕ್ಕೆ ಹೋಗಿ ಬಂದ ದಿನ ಕಾಕಾ ನಮ್ಮ ಬಾಗಿಲಿಗೆ ಬಂದು, "ಕೆಟಲ್ ಇಡಮ್ಮ," ಎನ್ನುತ್ತಿದ್ದರು. ಚಹಾಕ್ಕಲ್ಲ. ಕುದಿಯುವ ನೀರನ್ನು ರೈಫಲ್ಲಿನ ನಳಿಗೆಯೊಳಗೆ ಹೊಯ್ದರೆ ಗುಂಡು ಹಾರಿಸಿದಾಗ ಅಂಟಿದ ಮದ್ದಿನ ಉಪ್ಪು ಕರಗಿ ಬರುತ್ತದೆ, ಇಲ್ಲದಿದ್ದರೆ ಕಲ್ಕತ್ತೆಯ ಹವೆಗೆ ಬೆಳಗಾಗುವುದರಲ್ಲಿ ತುಕ್ಕು. ನಂತರ ದಾರಕ್ಕೆ ಬಟ್ಟೆಯ ಚೂರು ಕಟ್ಟಿ ಒಳಗಿಂದ ಎಳೆದು, ಕಿಟಕಿಯ ಬೆಳಕಿಗೆ ನಳಿಗೆ ಹಿಡಿದು, "ನೋಡು," ಎಂದು ನನಗೂ ತೋರಿಸುವರು. ಒಳಗೆ ಬೆಳಕು ಸುರುಳಿಸುರುಳಿಯಾಗಿ ತಿರುಗುತ್ತ ಹೋಗುತ್ತಿತ್ತು. ನನ್ನ ಗಂಡ ಮಾತ್ರ, "ಮೊದಲ ಕೆಟಲ್ಲು ತೊಳಿ," ಎಂದು ಗೊಣಗುತ್ತಿದ್ದರು.

ನನ್ನ ಮಗಳು ಹುಟ್ಟಿದ ಕಾಲಕ್ಕೆ ಊರು ಕೆಟ್ಟಿತು. ಗೋಡೆಗಳ ತುಂಬ ನಕ್ಸಲರ ಘೋಷಣೆ, ಸಂದಿಗಳಲ್ಲಿ ಬಾಂಬು. ಹುಡುಗರು ಗುಂಪು ಕಟ್ಟಿಕೊಂಡು ಬಂದೂಕು ಇದ್ದವರ ಮನೆಗೆ ನುಗ್ಗಿ ಕಸಿದೊಯ್ಯತೊಡಗಿದರು. ಲೈಸೆನ್ಸಿನ ಬಂದೂಕುಗಳನ್ನು ಠಾಣೆಯಲ್ಲಿಡುವುದು ಒಳ್ಳೆಯದೆಂದು ಪೊಲೀಸರು ಬಂದು ಹೇಳಿ ಹೋದರು. ಕಾಕು ಕೈ ಮುಗಿದು ಕೇಳಿಕೊಂಡರು. ಕಾಕಾ ಒಪ್ಪಲಿಲ್ಲ. ಭಾದ್ರಪದದ ಸುಮಾರಿಗೆ ಅವರ ಕಡೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡುವ ಹಬ್ಬ. ಅದಕ್ಕೆಂದೇ ಇರುವ ಕಾಡುಹೂ ಇಲ್ಲಿ ಸಿಗದೆ ದಾಸವಾಳ ಸಿಕ್ಕಿಸುತ್ತಿದ್ದರು. "ಕೋವಿ ನಮ್ಮಲ್ಲಿ ದೇವರ ಪಕ್ಕ ಇರೋದು. ಅದನ್ನ ತುಕ್ಕು ಹಿಡಿಯೋಕೆ ಠಾಣೆಗೆ ಕೊಡ್ಲಾ?" ಎಂದರು. ಹಟಮಾರಿ. ಈಗಲೂ ನನಗೆ ಆ ಹಟದ ಮೇಲೆ ಸಿಟ್ಟಿದೆ.

ಆದರೂ ಒಂದು ಉಪಾಯ ಮಾಡಿದರು. ರೈಫಲ್ಲಿನಲ್ಲಿ ಹಿಂದೆ ಮುಂದೆ ಸರಿದು ತೋಟೆಯನ್ನು ಒಳಗೆ ನೂಕುವ, ಹೊಡೆಯುವ ಗೇಣುದ್ದದ ಉಕ್ಕಿನ ತುಂಡೊಂದಿದೆ, ಅದೇ ಬೋಲ್ಟ್. ಅದನ್ನು ಬಿಚ್ಚಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಇದಿಲ್ದೆ ಅದು ಬರೀ ದೊಣ್ಣೆ. ನಿನ್ನ ಅಕ್ಕಿ ಡಬ್ಬಿಯಲ್ಲಿರಲಿ. ನಿನ್ನ ಮನೆ ಯಾರು ಹುಡುಕ್ತಾರೆ?" ಎಂದರು. ವಾರಕ್ಕೊಮ್ಮೆ ಅದನ್ನು ತೆಗೆದು ಒರೆಸಿ ಒಂದು ತೊಟ್ಟು ಎಣ್ಣೆ ಸವರುವುದು ನನ್ನ ಕೆಲಸವಾಯಿತು. ಹೆಚ್ಚು ಸವರಿದರೆ ಬೈಯುತ್ತಿದ್ದರು. "ಒಗ್ಗರಣೆ ಹಾಕ್ತಿದ್ದೀಯಾ?"

ಆ ಹುಡುಗರು ಬಂದದ್ದು ಮಟಮಟ ಮಧ್ಯಾಹ್ನ. ನನ್ನ ಗಂಡ ಕಚೇರಿಯಲ್ಲಿ, ಕಾಕು ಮಾರ್ಕೆಟ್ಟಿನಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದ ಕಾಕಾ ಮನೆಯಲ್ಲಿ ಒಬ್ಬರೇ. ನಾಲ್ಕೈದು ಜನರ ಕಾಲ ಸದ್ದು, ಎದುರು ಬಾಗಿಲು ಮುರಿದ ಸದ್ದು. ಅದರಲ್ಲೊಂದು ದನಿ ನನಗೆ ಗುರುತು ಸಿಕ್ಕಿತು. ದಿನಾ ನನ್ನನ್ನು "ಬೌದಿ", ಅಂದರೆ ಅತ್ತಿಗೆ, ಎಂದು ಕರೆದು ಮಗುವನ್ನು ನಗಿಸುತ್ತಿದ್ದ ಗಲ್ಲಿಯ ಹುಡುಗ. ರೈಫಲ್ಲು ಬೇಗ ಸಿಕ್ಕಿರಬೇಕು, ದೇವರ ಪಕ್ಕದಲ್ಲೇ ಇತ್ತಲ್ಲ. ಆಮೇಲೆ ಅದೇ ಹುಡುಗನ ದನಿ, "ಬೋಲ್ಟ್ ಕೋಥಾಯ್?" ಬೋಲ್ಟ್ ಎಲ್ಲಿ ಎಂದು.

"ಗಂಗಾ ಮೇ ಫೇಂಕ್ ದಿಯಾ," ಎಂದರು ಕಾಕಾ, ಗಂಗೆಗೆ ಎಸೆದೆನೆಂದು.

ಹೊಡೆತ ಬಿತ್ತು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ, ಮತ್ತೆ ಹೊಡೆತ. ಕಾಕಾ ಅಂಗೈಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ್ದ ಅದೇ ಮರದಿಂದ ಹುಡುಗರು ಹೊಡೆಯುತ್ತಿದ್ದರೆಂದು ಆಮೇಲೆ ತಿಳಿಯಿತು. ನನಗೆ ತಡೆಯಲಾಗಲಿಲ್ಲ. ಮಗುವನ್ನು ಕಂಕುಳಲ್ಲಿ ಹಿಡಿದು, ಡಬ್ಬಿಗೆ ಕೈ ಹಾಕಿ ಬೋಲ್ಟ್ ತೆಗೆದೆ. ಒಂದು ಕಬ್ಬಿಣದ ತುಂಡಿಗಾಗಿ ಒಬ್ಬ ಮನುಷ್ಯ ಸಾಯುವುದೇ? ಕೊಟ್ಟುಬಿಡೋಣವೆಂದು ಹೋಗಿ ಚಿಲಕಕ್ಕೆ ಕೈಯಿಟ್ಟೆ. ಆ ಹಳೆಯ ಚಿಲಕ ಎಳೆದರೆ ಕಿರ್ರೆನ್ನುತ್ತಿತ್ತು.

ಅದು ಕಾಕಾಗೆ ಕೇಳಿಸಿತು. ಆಚೆಯಿಂದ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸೇರಿಸಿ ಕನ್ನಡದಲ್ಲಿ ಕೂಗಿದರು. "ಬಾಗಿಲು ತೆಗೀಬೇಡ ಮಗಳೇ! ಮಗು ಇದೆ! ಒಳಗೇ ಇರು!"

ಹುಡುಗರಿಗೆ ಅದು ತಿಳಿಯಲಿಲ್ಲ. ದೇವರನ್ನು ಕರೆಯುತ್ತಿದ್ದಾನೆ ಎಂದುಕೊಂಡರೋ, ಬೈಯುತ್ತಿದ್ದಾನೆ ಎಂದುಕೊಂಡರೋ. ಇನ್ನೊಂದು ಹೊಡೆತ ಬಿತ್ತು. ಆಮೇಲೆ ಕಾಕಾ ಮಾತಾಡಲಿಲ್ಲ. ಕಾಲ ಸದ್ದುಗಳು ಮೆಟ್ಟಿಲಿಳಿದು ಹೋದವು. ಆಸ್ಪತ್ರೆಯಲ್ಲೂ ಅವರಿಗೆ ಎಚ್ಚರ ಬರಲಿಲ್ಲ. ಎರಡು ದಿನ ಉಸಿರಾಡಿ, ಹೋದರು.

ಬೋಲ್ಟನ್ನು ನನ್ನ ಗಂಡ ಪೊಲೀಸರಿಗೆ ಒಪ್ಪಿಸಿದರು. ಕಾಕು ಊರಿಗೆ ಹೊರಟರು. ಹೌರಾ ಸ್ಟೇಷನ್ನಿಗೆ ಕರೆದೊಯ್ಯಲು ಟ್ಯಾಕ್ಸಿ ಬಂದು ಕೆಳಗೆ ನಿಂತಿದ್ದಾಗ ನಮ್ಮ ಮನೆಗೆ ಬಂದು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದರು. "ನಾನು ಆವತ್ತು ಮೀನು ತರೋಕೆ ಹೋಗಿದ್ದೆ. ಅವ್ರು ಕೊನೆಗೆ ಏನಾದ್ರೂ ಹೇಳಿದ್ರಾ?"

ಆ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಇದ್ದದ್ದು ಇದ್ದ ಹಾಗೆ ಹೇಳಿದೆ.

"ಅಷ್ಟೇನಾ?"

"ಅಷ್ಟ, ಕಾಕು."

"ನನ್ನ ಕರೀಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ಕರೆದರು ಎಂದು ಒಂದು ಸುಳ್ಳು ಹೇಳಿದ್ದರೆ ಯಾವ ದೇವರೂ ಸಿಟ್ಟಾಗುತ್ತಿರಲಿಲ್ಲ. ಆದರೆ ಗಂಡ ಸಾಯುವಾಗ ಆಡುವ ಮಾತು ಹೆಂಡತಿಗೆ ಸಲ್ಲಬೇಕಾದದ್ದು. ಅವರ ಪಾಲಿನ ಅದೊಂದು ಮಾತನ್ನೂ ನಾನೇ ಪಡೆದುಕೊಂಡು ಕೂತಿದ್ದೆ. ಇಷ್ಟು ವರ್ಷವಾದರೂ ಆ ಋಣವನ್ನು ಯಾರಿಗೆ, ಹೇಗೆ ತೀರಿಸುವುದೆಂದು ನನಗೆ ತಿಳಿದಿಲ್ಲ.

ಕಾಕು ಮಗುವಿನ ನೆತ್ತಿ ಮೂಸಿ, ನನ್ನ ಕೈಗೆ ಕೊಟ್ಟು ಎದ್ದರು.

"ಇರ್ಲಿ ಬಿಡು," ಎಂದರು. "ನನ್ನ ಹೆಸರು ಹಿಡಿದು ಕೂಗಿದ್ರೆ ನೀನು ತಡೀಲಾರದೆ ಬಾಗಿಲು ತೆಗೆದುಬಿಡ್ತಿದ್ದೆ."