ಬೋಟಿನ ಸ್ಟೆಪ್ನಿ ಬ್ಯಾಟರಿ

ಆ ಬೋಟು ಹತ್ತಿದ ಕೂಡಲೇ ಉಸಿರು ಬಿಗಿಹಿಡಿಯುವುದು ನನಗೆ ರೂಢಿಯಾಗಿಬಿಟ್ಟಿದೆ. ಡೀಸೆಲ್ಲಿನ ನಾತ, ಬ್ಯಾಟರಿಯಿಂದ ಸೋರಿದ ಆ್ಯಸಿಡ್ಡಿನ ಹುಳಿ ವಾಸನೆ, ತಳದಲ್ಲಿ ನಿಂತ ನೀರಿನ ಮೇಲೆ ತೇಲುವ ಗುಟ್ಕಾ ಚೀಟಿಗಳು. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದರಲ್ಲಿ ಊಟದ ಡಬ್ಬಿ ಹಿಡಿದು, ಯಾರೂ ಉಗುಳಿರದ ಜಾಗ ಹುಡುಕಿ ಕೂರಬೇಕು. ನನ್ನ ಮನೆ ಬನಹಟ್ಟಿಯಲ್ಲಿ. ನಾನು ವಿಜ್ಞಾನ ಕಲಿಸುವ ಶಾಲೆ ಕೃಷ್ಣೆಯ ಆಚೆ ದಂಡೆಯ ಊರಿನಲ್ಲಿ. ಬಸ್ಸಿನಲ್ಲಿ ಸೇತುವೆ ಸುತ್ತಿ ಹೋದರೆ ಮೊದಲ ತರಗತಿ ತಪ್ಪಿಹೋಗುತ್ತದೆ. ಹಾಗಾಗಿ ಹೋಗುವಾಗಲೂ ಬರುವಾಗಲೂ ಈ ಹೇಸಿಗೆಯೇ ಗತಿ. ಈಜು ನನಗೆ ಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ನೀರು ಬಿಟ್ಟು ಹೊಳೆ ಕೆಂಪಾಗಿ ತುಂಬಿದ್ದಾಗ, ನಡುಹೊಳೆಯಲ್ಲಿ ಎಂಜಿನ್ ಕೆಮ್ಮಿ ನಿಂತಿತು. ಬೋಟಿನ ಯಜಮಾನರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ, ಅರವತ್ತು ದಾಟಿದ ಮನುಷ್ಯ. ಅವರು ಸೆಲ್ಫ್ ಒತ್ತಿದರು. ಟಿಕ್ ಎಂದಿತು, ಅಷ್ಟೆ. ಬ್ಯಾಟರಿಯಲ್ಲಿ ಜೀವ ಇರಲಿಲ್ಲ. ಬೋಟು ತನ್ನಷ್ಟಕ್ಕೆ ತಾನೇ ತಿರುಗುತ್ತ ಕೆಳಗಡೆಯ ಬ್ಯಾರೇಜಿನ ಕಡೆಗೆ ಸಾಗಿತು. ಪುಣ್ಯಕ್ಕೆ ನೀರಲ್ಲಿ ಮುಳುಗಿದ್ದ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು, ದಂಡೆಯಲ್ಲಿದ್ದವರು ಹಗ್ಗ ಎಸೆದು ಎಳೆದುಕೊಂಡರು. ಇಳಿದ ಮೇಲೆ ಜನ ನಗುತ್ತಿದ್ದರು! ಒಬ್ಬ ಎಲ್ಲವನ್ನೂ ಫೋನಿನಲ್ಲಿ ತೆಗೆದುಕೊಂಡಿದ್ದ. ನಾನು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದದ್ದನ್ನು ಎಲ್ಲರಿಗೂ ಮತ್ತೆ ಮತ್ತೆ ತೋರಿಸಿದ. ನನಗೆ ಮೈಯೆಲ್ಲ ಉರಿಯಿತು.

“ಕಾಕಾ, ಇನ್ನೊಂದು ಬ್ಯಾಟರಿ ಇಡ್ರಿ. ಇಲ್ಲಾಂದ್ರ ನಾ ಹತ್ತೂದಿಲ್ಲ,” ಎಂದೆ.

“ಆತ್ರಿ ಅಕ್ಕಾರ. ನೀವ ಸೈನ್ಸ್ ಕಲಸವ್ರು, ನೀವ ಬಂದು ಆರಿಸಿ ಕೊಡ್ರಿ,” ಎಂದರು.

ಬೇಕಾಗಿದ್ದು ದೊಡ್ಡದೇನೂ ಅಲ್ಲ. ಎಂಜಿನ್ ಎಬ್ಬಿಸುವುದಕ್ಕೆಂದೇ ಮಾಡಿದ, ಒಂದೇ ಏಟಿಗೆ ಜೋರಾಗಿ ಕರೆಂಟ್ ಕೊಡುವ ಸಣ್ಣ ಬ್ಯಾಟರಿ. ಬೋಟು ವಾಲಿದರೂ ಆ್ಯಸಿಡ್ ಚೆಲ್ಲದಂತೆ ಬಾಯಿ ಮುಚ್ಚಿದ್ದು. ಅದಕ್ಕೆ ಬೇರೆ ಯಾವ ತಂತಿಯನ್ನೂ ಜೋಡಿಸಬಾರದು, ನಡುಹೊಳೆಯಲ್ಲಿ ಎಂಜಿನ್ ನಿಂತ ಹೊತ್ತಿಗೆ ಮಾತ್ರ ಅದನ್ನು ಮುಟ್ಟಬೇಕು. ಇಷ್ಟನ್ನು ಬಸ್ಸಿನಲ್ಲಿ ಜಮಖಂಡಿ ಮುಟ್ಟುವತನಕ ಕಾಕಾಗೆ ಹೇಳುತ್ತ ಹೋದೆ. ಅವರು ತಲೆಯಾಡಿಸುತ್ತ ನಿದ್ದೆಹೋದರು.

ಮೊದಲ ಅಂಗಡಿಯಲ್ಲಿ ಕಾಕಾ, “ಬೋಟಿಗೆ ಒಂದ ಸ್ಟೆಪ್ನಿ ಬ್ಯಾಟರಿ ಬೇಕಾಗೇತ್ರಿ,” ಎಂದರು. ಅಂಗಡಿಯವನು ಗಲ್ಲಾಪೆಟ್ಟಿಗೆಯ ಹಿಂದೆ ಸಾಲಾಗಿ ಇಟ್ಟಿದ್ದ ಹೊಸ ಬ್ಯಾಟರಿಗಳ ಕಡೆ ಕಣ್ಣೂ ಹಾಯಿಸಲಿಲ್ಲ. ಒಳಗೆ ಹೋಗಿ, ತಲೆಯ ಮೇಲೆಲ್ಲ ಬಿಳಿ ಹಿಟ್ಟು ಬೆಳೆದಿದ್ದ ಒಂದು ಮುದಿ ಬ್ಯಾಟರಿಯನ್ನು ಎಳೆದು ತಂದ. “ಸ್ಟೆಪ್ನಿಗೆ ಇದು ಭಾಳ ಆತ್ರಿ,” ಎಂದ.

ಎರಡನೆಯ ಅಂಗಡಿಯದು ಕರ್ರಗೆ ಹೊಳೆಯುತ್ತಿತ್ತು. ಮುಟ್ಟಿ ನೋಡಿದರೆ ಬೆರಳಿಗೆ ಹಸಿ ಬಣ್ಣ ಮೆತ್ತಿಕೊಂಡಿತು. ಅವನ ಕಣ್ಣೆದುರಿಗೇ ಕರ್ಚೀಫಿಗೆ ಒರೆಸಿಕೊಂಡು, “ಇದು ಹೊಸದೇನ್ರಿ?” ಎಂದೆ.

“ಬಣ್ಣ ಹೊಸಾದೈತಲ್ರೀ ಬಾಯಾರ! ಮುಧೋಳದಿಂದ ಬಂದು ಟ್ರ್ಯಾಕ್ಟರಿಗೆ ಇಂಥಾವನ್ನ ಒಯ್ತಾರ,” ಎಂದ, ಹಲ್ಲು ಕಿರಿದು. ಅವನ ಮುಖಕ್ಕೆ ಆ ಕರ್ಚೀಫನ್ನು ಎಸೆಯಬೇಕು ಅನ್ನಿಸಿತು. ಜೀವ ಉಳಿಸಬೇಕಾದ ವಸ್ತುವಿಗೆ ಬಣ್ಣ ಬಳಿದು ಮಾರುತ್ತಿದ್ದೇನಲ್ಲ ಎಂಬ ನಾಚಿಕೆ ಅವನಲ್ಲಿ ಕಡ್ಡಿಯಷ್ಟೂ ಇರಲಿಲ್ಲ.

ಮೂರನೆಯ ಅಂಗಡಿಯಲ್ಲಿ ಮನೆಯ ಇನ್ವರ್ಟರಿಗೆ ಹಾಕುವ ಬ್ಯಾಟರಿ ತೋರಿಸಿದರು. ಕಾಕಾ ಅದನ್ನು ತಬ್ಬಿಕೊಂಡು ಎತ್ತಿ ನೋಡಿ, “ಛಲೋ ವಜ್ಜಿ ಐತ್ರಿ ಅಕ್ಕಾರ!” ಎಂದು ಹಿಗ್ಗಿದರು. ಅದು ರಾತ್ರಿಯೆಲ್ಲ ಫ್ಯಾನಿಗೆ ನಿಧಾನವಾಗಿ ಕರೆಂಟ್ ಕೊಡುವಂಥದ್ದು, ಎಂಜಿನ್ನಿಗೆ ಬೇಕಾದ ಏಟು ಅದರಿಂದ ಬರುವುದಿಲ್ಲ ಎಂದು ನಾನು ಹೇಳಿದೆ. ಅಂಗಡಿಯವನು ನನ್ನ ಪ್ರಶ್ನೆಗೆಲ್ಲ ಕಾಕಾನ ಮುಖ ನೋಡಿಯೇ ಉತ್ತರ ಕೊಟ್ಟ. ನಾನು ಅಲ್ಲಿ ಇಲ್ಲವೇ ಇಲ್ಲ ಎಂಬ ಹಾಗೆ.

ಚಹಾ ಕುಡಿಯಲು ಕೂತಾಗ ನನಗೆ ಹೊಳೆಯಿತು. ಕೆಡಿಸುತ್ತಿರುವುದು ಆ ಒಂದು ಶಬ್ದ. ನಮ್ಮ ಕಡೆ ಸ್ಟೆಪ್ನಿ ಎಂದರೆ ನುಣ್ಣಗೆ ಸವೆದು, ಒಳಗಿನ ತಂತಿ ಹೊರಗೆ ಬಂದ ಟೈರು. ಬೇರೆ ಯಾತಕ್ಕೂ ಬಾರದ್ದನ್ನು ಸ್ಟೆಪ್ನಿ ಮಾಡಿ ಗಾಡಿಯ ಹೊಟ್ಟೆಯಲ್ಲಿ ತುರುಕುತ್ತಾರೆ. ಅದರಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಕಷ್ಟಕ್ಕೆ ಆಗಬೇಕಾದ್ದೇ ಎಲ್ಲಕ್ಕಿಂತ ಕೊಳೆತದ್ದು.

“ಕಾಕಾ, ಮುಂದಿನ ಅಂಗಡ್ಯಾಗ ಸ್ಟೆಪ್ನಿ ಅನ್ನಬ್ಯಾಡ್ರಿ. ಬಾಯಿನ ತಗೀಬ್ಯಾಡ್ರಿ.”

ಮುಂದಿನ ಅಂಗಡಿಯಲ್ಲಿ ನಾನೇ, ಹೊಸ ಡೀಸೆಲ್ ಎಂಜಿನ್ನಿಗೆ ಸೆಲ್ಫ್ ಹೊಡೆಯಲು ಬ್ಯಾಟರಿ ಬೇಕು ಎಂದೆ. ಸುಳ್ಳು ಹೇಳಿದ ತಕ್ಷಣ ಡಬ್ಬಿಯ ಸಮೇತ ಹೊಸದು ಬಂತು. ವಾಪಸು ಬರುವಾಗ ಕಾಕಾ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಖ ಸಣ್ಣದು ಮಾಡಿದ್ದರು. “ಇಷ್ಟ ಸಣ್ಣದು ಒಯ್ದ್ರ ಮಂದಿ ನಗತಾರ್ರೀ.”

ಮರುದಿನ ನಾನು ನಿಂತೇ ಹಾಕಿಸಿದೆ. ಹಳೆಯ ದೊಡ್ಡ ಬ್ಯಾಟರಿ ಮುಂದೆ, ಬೆಳಗಿನ ಸ್ಟಾರ್ಟಿಗೆ, ಹಾಡಿನ ಸ್ಪೀಕರಿಗೆ. ಹೊಸದು ಹಲಗೆಯ ಕೆಳಗೆ, ಬೇರೆ ಸ್ವಿಚ್ಚಿನಲ್ಲಿ. ಅಂದಿನಿಂದ ಸ್ವಲ್ಪ ಧೈರ್ಯವಾಗಿ ಕೂರತೊಡಗಿದೆ.

ಹೊಳೆ ಇಳಿಯುವ ಮೊದಲೇ ಎಂಜಿನ್ ಮತ್ತೆ ನಡುನೀರಲ್ಲಿ ನಿಂತಿತು. ಕಾಕಾ ಸೆಲ್ಫ್ ಒತ್ತಿದರು. ಟಿಕ್. ಸ್ವಿಚ್ಚು ಬದಲಿಸಿ ಒತ್ತಿದರು. ಆ ಟಿಕ್ ಕೂಡ ಬರಲಿಲ್ಲ. ನಾನು ಬಗ್ಗಿ ಹಲಗೆಯ ಕೆಳಗೆ ನೋಡಿದೆ. ಹಳೆಯ ಬ್ಯಾಟರಿ ಅಲ್ಲಿ ಕೂತಿತ್ತು. ಹೊಸದು ಮುಂದೆ, ಕುಂಕುಮ ಹಚ್ಚಿಸಿಕೊಂಡು, ಸ್ಪೀಕರಿನ ತಂತಿ, ಬಲ್ಬಿನ ತಂತಿ, ಯಾರ ಯಾರದೋ ಫೋನಿನ ತಂತಿ ಎಲ್ಲ ಹೊತ್ತುಕೊಂಡು ಬರಿದಾಗಿತ್ತು.

“ಏನ್ ಮಾಡೀರಿ ಕಾಕಾ ಇದು?” ಕೂಗಿದೆ.

“ಹೊಸಾದನ್ನ ಯಾರರ ಸ್ಟೆಪ್ನಿ ಮಾಡ್ತಾರೇನ್ರೀ ಅಕ್ಕಾರ? ಸ್ಟೆಪ್ನಿ ಅಂದ್ರ ಹಳೇದ ಇರೂದಲ್ರೀ,” ಎಂದರು, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ. ಹೆದರಿಕೆಗಿಂತ ಹೆಚ್ಚು ಅಸಹ್ಯವೇ ಆಯಿತು.

ಅಷ್ಟರಲ್ಲಿ ಅವರು ಅಂಗಿ ಕಳಚಿ, ಬೋಟಿನ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗೆ ಹಾರಿಯೇಬಿಟ್ಟರು. ಸೆಳವು ಅವರನ್ನು ಎಳೆದುಕೊಂಡು ಹೋಯಿತು. ತಲೆ ಒಮ್ಮೆ ಕಂಡಿತು, ಮುಳುಗಿತು, ಎಲ್ಲೋ ಕೆಳಗೆ ಮತ್ತೆ ಕಂಡಿತು. ಕೊನೆಗೆ ದಂಡೆ ಹತ್ತಿ ಹಗ್ಗವನ್ನು ಮರಕ್ಕೆ ಸುತ್ತಿದಾಗ ಬೋಟಿನಲ್ಲಿದ್ದವರು ಸಿಳ್ಳೆ ಹೊಡೆದರು. ಆ ಸಿಳ್ಳೆ ಕೇಳಿ ನನಗೆ ಮತ್ತಷ್ಟು ಹೇಸಿಗೆಯಾಯಿತು.

ಬೋಟು ದಂಡೆಗೆ ತಾಗಿ ನಾನು ಇಳಿದು ಹೋದಾಗ ಕಾಕಾ ಕೆಸರಲ್ಲಿ ಕೂತು ಗಡಗಡ ನಡುಗುತ್ತಿದ್ದರು. ತುಟಿ ಕಪ್ಪಿಟ್ಟಿತ್ತು.

“ಬ್ಯಾಟರಿ ಹೋದ್ರ ಹೋಗ್ಲಿ, ಅಂಜಬ್ಯಾಡ್ರಿ ಅಕ್ಕಾರ. ನಾ ಅದೀನಲ್ರೀ.”

“ನೀವ ಇಲ್ಲದ ದಿನ?”

“ನಮ್ಮ ತಮ್ಮ ಅದಾನಲ್ರೀ.”

“ಅವರಿಗೆ ಈಜು ಬರತೈತೇನ್ರಿ?”

ಕಾಕಾ ಧೋತರದ ಚುಂಗು ಹಿಂಡಿದರು. “ಇಲ್ರೀ,” ಎಂದರು.

ಮರುದಿನ ಬೆಳಿಗ್ಗೆ ನಾನು ದಂಡೆಗೆ ಬಂದಾಗ ಬೋಟಿನಲ್ಲಿ ಕೂತಿದ್ದವರು ಆ ತಮ್ಮ. ಕಾಕಾಗೆ ಜ್ವರ ಏರಿತ್ತು. ಹೊಸ ಬ್ಯಾಟರಿಯನ್ನು ರಾತ್ರಿ ಚಾರ್ಜಿಗೆ ಹಾಕಿ ತಂದಿದ್ದರು, ಅದರ ಮೇಲೆ ಆಗಲೇ ಸ್ಪೀಕರು ಅರಚುತ್ತಿತ್ತು.

“ಲಗೂನ ಹತ್ರಿ ಅಕ್ಕಾರ, ಸಾಲಿ ಟೈಮ್ ಆತು.”

“ಮೊದಲ ಪಾನಾ ಕೊಡ್ರಿ. ಈ ತಂತಿ ಬಿಚ್ಚಬೇಕು.”

“ಪಾನಾ ಅಣ್ಣನ ಮನ್ಯಾಗ ಐತ್ರಿ.”

ಊಟದ ಡಬ್ಬಿಯನ್ನು ಹಲಗೆಯ ಮೇಲಿಟ್ಟು, ಸ್ಪೀಕರಿನ, ಬಲ್ಬಿನ ಆ ಕೊಳಕು ತಂತಿಗಳನ್ನು ಮುಷ್ಟಿಯಲ್ಲಿ ಹಿಡಿದು ಕಿತ್ತೆ. ಹಾಡು ಅರ್ಧಕ್ಕೆ ನಿಂತಿತು. ಬೋಟಿನ ತುಂಬ ಕೂತವರೆಲ್ಲ ನನ್ನನ್ನು ದುರುಗುಟ್ಟಿ ನೋಡಿದರು.

“ನಡೀರಿ ಈಗ,” ಎಂದೆ.