ಎಡ ಅಂಗಾಲಿನ ಕಾಡಿಗೆ

ಅಕ್ಕನ ಎಡ ಅಂಗಾಲಿನಲ್ಲಿ ಕಡಲೆಕಾಳಿನಷ್ಟು ಕಾಡಿಗೆಯ ಬೊಟ್ಟು ಇರುತ್ತದೆ. ಅವಳು ಪೆರುಂಗುಡಿಯ ಆಫೀಸಿಗೆ ಹೊರಡುವ ಮುಂಚೆ ಅಮ್ಮ ದಿನವೂ ಅದನ್ನು ಇಡುತ್ತಾಳೆ. ಕೂಸುಗಳಿಗೆ ದೃಷ್ಟಿ ತಾಗದಿರಲೆಂದು ಇಡುವ ಬೊಟ್ಟು ಅದು. ಅಕ್ಕನಿಗೀಗ ಮೂವತ್ತು ದಾಟಿದೆ.

ಆರು ವರ್ಷದವಳಿದ್ದಾಗ ಅವಳನ್ನು ರಾಯಪುರಂನ ಶಾಲೆಯ ಬಾಗಿಲಿನಿಂದ ಯಾರೋ ಅಪಹರಿಸಿದ್ದರು. ಪೊಲೀಸರು ನಾಲ್ಕನೆಯ ದಿನ ಹುಡುಕಿ ತಂದರು. ಅವಳು ಕಾಣೆಯಾದ ಬೆಳಿಗ್ಗೆ ಅವಸರದಲ್ಲಿ ತಾನು ಬೊಟ್ಟು ಇಡಲು ಮರೆತದ್ದರಿಂದಲೇ ಹಾಗಾಯಿತು ಎಂಬುದು ಅಮ್ಮನ ನಂಬಿಕೆ. ಮರುವರ್ಷ ನಾನು ಹುಟ್ಟಿದೆ. ಒಬ್ಬಳಿಗಾಗಿ ಪಡುವ ಭಯವೇ ಅಮ್ಮನಿಗೆ ಸಾಕಾಗಿತ್ತೇನೋ, ನನಗೆ ನೆನಪಿರುವಂತೆ ನನ್ನ ಅಂಗಾಲು ಯಾವಾಗಲೂ ಬರಿದು.

ಕಳೆದ ತಿಂಗಳು ನಾನು ಕೆಲಸ ಮಾಡುವ ಮಣಲಿಯ ಲ್ಯಾಬಿನಿಂದ ಬರುವಾಗ ಬಸ್ ಕೆಟ್ಟಿತು, ಫೋನಿನ ಚಾರ್ಜೂ ಮುಗಿಯಿತು. ಮನೆ ಸೇರುವಾಗ ಬಹಳ ತಡವಾಗಿತ್ತು. ಅಮ್ಮ ಟೀವಿಯಿಂದ ಕಣ್ಣು ತೆಗೆಯದೆ, “ಸಾರು ಬಿಸಿ ಮಾಡ್ಕೋ,” ಅಂದಳು.

“ಗಾಬರಿ ಆಗ್ಲಿಲ್ವಾ?” ಎಂದೆ.

“ನಿಂಗೇನಾಗತ್ತೆ? ನೀನು ಜಾಣೆ.”

ಅಕ್ಕ ನಕ್ಕು, ಊರಿನ ತಮಿಳು ಬೆರೆಸಿ ಅಂದಳು. “ಕುಡುತ್ತು ವೆಚ್ಚವ ಡೀ ನೀ, ಪುಣ್ಯವಂತೆ. ನಾನು ಹತ್ತು ನಿಮಿಷ ತಡ ಮಾಡಿದ್ರೆ ಅಮ್ಮ ಬಸ್ ಸ್ಟಾಪಲ್ಲಿ ನಿಂತಿರ್ತಾಳೆ. ಆಫೀಸಲ್ಲೆಲ್ಲ ನಗ್ತಾರೆ.”

ಅವಳಿಗೆ ನಾಚಿಕೆ ತರುವ ಆ ಕಾಯುವಿಕೆಯೇ ನನಗೆ ಬೇಕಾಗಿತ್ತು. ಅದಕ್ಕೆ ಅವಳು ತೆತ್ತದ್ದೇನೆಂದು ಗೊತ್ತಿದ್ದೂ ಹೊಟ್ಟೆ ಉರಿಯಿತು. ಸಾರು ಬಿಸಿ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಅಕ್ಕ ಬೊಟ್ಟು ಇಡಿಸಿಕೊಂಡು ಎದ್ದು ಚಪ್ಪಲಿ ಮೆಟ್ಟಿದ ಮೇಲೆ, ಅಮ್ಮ ಕಾಡಿಗೆ ಡಬ್ಬಿ ಮುಚ್ಚುವ ಮೊದಲೇ ನಾನು ಅವಳ ಮುಂದೆ ಕುಳಿತು ಎಡಗಾಲು ಚಾಚಿದೆ.