ಹಳಿಯ ಮೇಲೆ ಬರೆದ ಇಂಗ್ಲಿಷ್

ನಾನು ರೈಲ್ವೆಯಲ್ಲಿ ಕೀಮನ್. ದಿನಾ ಬೆಳಿಗ್ಗೆ ವಾಡಿಯಿಂದ ನಾಲವಾರದ ದಿಕ್ಕಿಗೆ ಹಳಿ ನೋಡುತ್ತ ನಡೆಯುವುದು, ಸಡಿಲಾದ ಕ್ಲಿಪ್ಪಿಗೆ ಸುತ್ತಿಗೆಯಿಂದ ಹೊಡೆಯುವುದು, ಮಧ್ಯಾಹ್ನ ನಡೆದೇ ವಾಪಸು ಬರುವುದು. ಇಪ್ಪತ್ತು ವರ್ಷ ನಡೆದ ಮೇಲೆ ಎರಡೂ ಮೊಣಕಾಲು ಕೈಕೊಟ್ಟವು. ಕುರ್ಚಿ ಸಿಗುವ ದಾರಿ ಒಂದೇ, ಇಲಾಖೆಯ ಗುಮಾಸ್ತರ ಪರೀಕ್ಷೆ. ವಯಸ್ಸಿನ ಲೆಕ್ಕದಲ್ಲಿ ಅದು ನನಗೆ ಕೊನೆಯ ಅವಕಾಶ. ಉಳಿದ ವಿಷಯ ಹೇಗೋ ದಾಟುತ್ತಿದ್ದೆ, ಇಂಗ್ಲಿಷ್ ಮಾತ್ರ ಗಂಟಲಿನಿಂದ ಇಳಿಯುತ್ತಿರಲಿಲ್ಲ.

ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ಸಂಜೆ ಕೂರಿಸಿಕೊಂಡು ಹೇಳಿಕೊಟ್ಟರು.

"ಮುಗದ ಹೊತ್ತಿನ ಮಾತಿದ್ರ ಪಾಸ್ಟ್ ಸಿಂಪಲ್. ಈಗಿನ ತನಕ ಹತ್ಕೊಂಡು ಬಂದಿದ್ರ ಪ್ರೆಸೆಂಟ್ ಪರ್ಫೆಕ್ಟ್. ಶಬ್ದ ಬಾಯಿಪಾಠ ಮಾಡಬ್ಯಾಡ್ರಿ ಅಣ್ಣಾರ, ಅರ್ಥ ನೋಡ್ರಿ."

ಅರ್ಥ ನೋಡುವ ತಾಳ್ಮೆ ನನಗೆಲ್ಲಿ? ಸೀಮೆಸುಣ್ಣ ಹಿಡಿದು ಹಳಿಗೆ ಹೋದೆ. ಸಿಮೆಂಟ್ ಕಾರ್ಖಾನೆಯ ಧೂಳಿನಲ್ಲಿ ಅಕ್ಷರ ನಿಲ್ಲಲಿಲ್ಲ, ಹಳದಿ ಪೇಂಟು ಒಯ್ದೆ. ಹೋಗುವಾಗ ನನ್ನ ಎಡಗೈ ಕಡೆ ಬರುವ, ಹಳಿಯಡಿಯ ಸ್ಲೀಪರ್ ತೊಲೆಗಳ ತುದಿಗಳ ಮೇಲೆ ಯಸ್ಟರ್ಡೇ, ಅಗೋ, ಲಾಸ್ಟ್ ವೀಕ್ ಎಂದು ಬರೆದೆ. ಎಡಕ್ಕಿದ್ದದ್ದೆಲ್ಲ ಪಾಸ್ಟ್ ಸಿಂಪಲ್. ಬಲಗೈ ಕಡೆ ಸಿನ್ಸ್, ಆಲ್ರೆಡಿ, ಯೆಟ್. ಬಲಕ್ಕಿದ್ದದ್ದೆಲ್ಲ ಪ್ರೆಸೆಂಟ್ ಪರ್ಫೆಕ್ಟ್. ಹಳಿ ರಿಪೇರಿಯ ಗ್ಯಾಂಗಿನವರು ನಕ್ಕರು. ನಗಲಿ ಬಿಡು ಎಂದುಕೊಂಡೆ. ಎರಡು ತಿಂಗಳು ಹೋಗುವಾಗ ಓದಿದೆ, ಬರುವಾಗ ಓದಿದೆ. ಯಾವ ಶಬ್ದ ಯಾವ ಕಂಬದ ಹತ್ತಿರ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ.

ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಲ್ಲಿ ಎಲ್ಲವೂ ನನ್ನ ಶಬ್ದಗಳೇ. ಕಣ್ಣು ಮುಚ್ಚಿ ಹಳಿಯನ್ನು ನೆನಪಿಗೆ ತಂದುಕೊಂಡೆ. ಎಡಕ್ಕೆ ಸಿನ್ಸ್, ಬಲಕ್ಕೆ ಯಸ್ಟರ್ಡೇ, ಎದುರಿಗೆ ವಾಡಿಯ ಸಿಗ್ನಲ್. ಎಡಕ್ಕಿದ್ದದ್ದಕ್ಕೆಲ್ಲ ಪಾಸ್ಟ್ ಸಿಂಪಲ್ ತುಂಬಿದೆ. ಒಂದೂ ಅನುಮಾನ ಬರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಬಂದೆ, ದಾರಿಯಲ್ಲಿ ಹೆಂಡತಿಗೆ ಫೋನು ಮಾಡಿ ಕುರ್ಚಿ ಸಿಕ್ಕಂತೆಯೇ ಎಂದೂ ಹೇಳಿದೆ.

ಮರುದಿನ ಡ್ಯೂಟಿಗೆ ಹೊರಟೆ. ವಾಡಿಯ ಸಿಗ್ನಲ್ ಬೆನ್ನ ಹಿಂದೆ ಉಳಿಯಿತು. ಎಡಕ್ಕೆ ನೋಡಿದರೆ ಯಸ್ಟರ್ಡೇ. ಕಾಲು ಅಲ್ಲೇ ನಿಂತವು. ಪರೀಕ್ಷೆಯಲ್ಲಿ ನಾನು ನಾಲವಾರದ ಕಡೆಗಲ್ಲ, ಮನೆಯ ಕಡೆಗೆ ಮುಖ ಮಾಡಿ ನಿಂತಿದ್ದೆ. ವಾಪಸು ಬರುವಾಗಿನ ಹಳಿ ಅದು, ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಬರೆದದ್ದೆಲ್ಲ ಉಲ್ಟಾ. ಜಲ್ಲಿಯ ಮೇಲೆ ಕೂತು ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಪಾಸಾದವರ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅಕ್ಕೋರಿಗೆ ನಡೆದದ್ದನ್ನು ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. "ಒಂದ್ಸಲನರ ಅರ್ಥ ಕೇಳಬೇಕಿತ್ರಿ ಅಣ್ಣಾರ" ಎಂದರು. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಒಂದು ದಿನ ಸೀಮೆಎಣ್ಣೆ, ಬಟ್ಟೆ ಒಯ್ದು ಒರೆಸಲು ಹೋದೆ. ಬಗ್ಗಲು ಮೊಣಕಾಲು ಒಪ್ಪಲಿಲ್ಲ, ಎರಡು ಶಬ್ದಕ್ಕೇ ಬಿಟ್ಟೆ. ನಿವೃತ್ತಿಗೆ ಇನ್ನೂ ಹದಿನೆಂಟು ವರ್ಷ ಇದೆ. ದಿನಾ ಬೆಳಿಗ್ಗೆ ಅವುಗಳ ನಡುವೆಯೇ ಕುಂಟುತ್ತ ಹೋಗುತ್ತೇನೆ. ಎಡಕ್ಕೆ ಯಸ್ಟರ್ಡೇ, ಬಲಕ್ಕೆ ಸಿನ್ಸ್. ಈಗ ಒಂದೂ ತಪ್ಪುವುದಿಲ್ಲ.